ಒಬ್ಬಳೇ ಹಡಗು ಹತ್ತಬೇಕು ಅಂತಿದ್ದೀನಿ, ಹೋಗಿಬಂದವರು ಹೇಳಿ

ನಾಲೆ_ದಡದವಳು, ಮಂಡ್ಯ
ಮೇ 6, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 57. ಬ್ಯಾಂಕಿನಲ್ಲಿ 31 ವರ್ಷ ದುಡಿದು ಈ ಮಾರ್ಚಿನಲ್ಲಿ ಸ್ವಯಂ ನಿವೃತ್ತಿ ತಗೊಂಡೆ. ಮದುವೆಯಾಗಿಲ್ಲ. ಅಮ್ಮ ಇರುವವರೆಗೆ ರಾತ್ರಿ ಮನೆ ಬಿಟ್ಟು ಇದ್ದದ್ದೇ ಅಪರೂಪ. ಅವರು ಹೋಗಿ ಒಂದೂವರೆ ವರ್ಷವಾಯಿತು.

ವಿಶ್ವೇಶ್ವರಯ್ಯ ನಾಲೆಯ ನೀರು ನೋಡಿಕೊಂಡು ಬೆಳೆದವಳು ನಾನು. ಸಮುದ್ರ ನೋಡಿರೋದು ಮೂರೇ ಸಲ. ಮೂರು ಸಲವೂ ಜೊತೆಯಲ್ಲಿ ಬಂದವರ ಬ್ಯಾಗು, ಚಪ್ಪಲಿ ಕಾಯುತ್ತಾ ದಡದಲ್ಲೇ ಕೂತಿದ್ದೆ. ಚೆನ್ನೈನಿಂದ ಶ್ರೀಲಂಕಾ ಕಡೆಗೆ ಪ್ರವಾಸಿ ಹಡಗು ಹೋಗುತ್ತೆ ಅಂತ ಓದಿದಾಗಿನಿಂದ ಮನಸ್ಸು ಅಲ್ಲೇ ಇದೆ. ತಂಗಿ ಬರ್ತೀನಿ ಅಂದಿದ್ದಳು, ಈಗ ಮೊಮ್ಮಗುವಿನ ಬಾಣಂತನ ಅಂತ ಹಿಂದೆ ಸರಿದಳು. ಅವಳದ್ದು ತಪ್ಪಿಲ್ಲ. ಆದರೆ ನಾನು ಇನ್ನು ಯಾರಿಗೋಸ್ಕರವೂ ಮುಂದಕ್ಕೆ ಹಾಕೋದಿಲ್ಲ ಅಂತ ತೀರ್ಮಾನಿಸಿದ್ದೀನಿ.

ಒಬ್ಬರಿಗೆ ಕೋಣೆ ಕೊಡ್ತಾರಾ? ಸಸ್ಯಾಹಾರ ಸಿಗುತ್ತಾ? ವಾಂತಿ ತಲೆಸುತ್ತು ಎಷ್ಟರ ಮಟ್ಟಿಗೆ? ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೇರೆ ಇದೆ, ಹೇಳಿಕೊಳ್ಳೋಕೆ ಸಂಕೋಚ. ನಾನು ಈವರೆಗೆ ಯಾವ ಹೋಟೆಲಿನಲ್ಲೂ ಒಬ್ಬಳೇ ಕೂತು ಊಟ ಮಾಡಿದವಳಲ್ಲ. ಅಷ್ಟು ದೊಡ್ಡ ಊಟದ ಹಾಲಿನಲ್ಲಿ ಒಬ್ಬಳೇ ಹೇಗೆ ಕೂರೋದು?


ಟಿಕೆಟ್_ಲೆಕ್ಕ, ಮೈಸೂರು
ಮೇ 6, ರಾತ್ರಿ 10.02

ಅಕ್ಕ, ಮೊದಲು ದುಡ್ಡಿನ ವಿಷಯ ಹೇಳಿಬಿಡ್ತೀನಿ, ಒಬ್ಬರೇ ಹೋಗೋರು ಮೊದಲು ಎಡವೋದು ಅಲ್ಲೇ. ಜಾಹೀರಾತಿನಲ್ಲಿ "ಒಬ್ಬರಿಗೆ" ಅಂತ ಹಾಕೋ ದರ, ಒಂದು ಕೋಣೆಯಲ್ಲಿ ಇಬ್ಬರು ಇರ್ತಾರೆ ಅನ್ನೋ ಲೆಕ್ಕದ್ದು. ನೀವೊಬ್ಬರೇ ಇದ್ದರೆ ಖಾಲಿ ಹಾಸಿಗೆಗೂ ನೀವೇ ಕೊಡಬೇಕು. ಇದಕ್ಕೆ ಸಿಂಗಲ್ ಸಪ್ಲಿಮೆಂಟ್ ಅಂತಾರೆ. ಉದಾಹರಣೆಗೆ ಒಬ್ಬರಿಗೆ 30,000 ಅಂತಿದ್ದರೆ ನಿಮಗೆ ಅದು 45,000 ಆಗಬಹುದು, ಪೂರ್ತಿ 60,000ವೂ ಆಗಬಹುದು. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸ್ ಬೇರೆ.

ಒಬ್ಬರಿಗೆಂದೇ ಚಿಕ್ಕ ಕೋಣೆಗಳನ್ನು ಕಟ್ಟಿರೋ ಹಡಗುಗಳೂ ಉಂಟು. 2010ರಲ್ಲಿ ಬಂದ ನಾರ್ವೇಜಿಯನ್ ಎಪಿಕ್‌ನಲ್ಲಿ ಅಂಥ 128 ಸ್ಟುಡಿಯೋ ಕೋಣೆಗಳಿದ್ದವು, ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ನಮ್ಮ ಕಡೆಯಿಂದ ಹೊರಡೋ ಹಡಗಲ್ಲಿ ಅದನ್ನು ನಂಬಿಕೊಂಡು ಕೂರಬೇಡಿ.

ನನಗೆ ಒಬ್ಬ ಏಜೆಂಟು ಫೋನಿನಲ್ಲಿ ಒಂದು ದರ ಹೇಳಿ, ಮುಂಗಡ ಕಟ್ಟಿಸಿಕೊಂಡ ಮೇಲೆ ಬಂದರು ಶುಲ್ಕ ಅಂತ ಇನ್ನೊಂದು ಚೀಟಿ ಕಳಿಸಿದ. ಜಗಳ ಆಡಿದರೂ ಆ ದುಡ್ಡು ವಾಪಸ್ ಬರಲಿಲ್ಲ. "ಒಬ್ಬ ಪ್ರಯಾಣಿಕ, ಒಂದು ಕೋಣೆ, ಎಲ್ಲಾ ಸೇರಿ ಕೊನೆಯ ಮೊತ್ತ ಎಷ್ಟು" ಅಂತ ಕೇಳಿ, ಬರವಣಿಗೆಯಲ್ಲೇ ತರಿಸಿಕೊಳ್ಳಿ. ಬ್ಯಾಂಕಿನಲ್ಲಿದ್ದವರು ನೀವು, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.


ಮದ್ದೂರಿನ_ಮಾವ, ಮದ್ದೂರು
ಮೇ 7, ಬೆಳಿಗ್ಗೆ 6.25

ತಂಗೀ, ತಪ್ಪು ತಿಳ್ಕೋಬೇಡ. ಹೆಣ್ಣುಮಕ್ಕಳು ಈ ವಯಸ್ಸಲ್ಲಿ ಒಬ್ರೇ ನಡುನೀರಿಗೆ ಹೋಗೋದು ಯಾಕೆ? ನಮ್ಮೂರಿಂದ ವರ್ಷಾ ವರ್ಷ ಕಾಶಿ, ರಾಮೇಶ್ವರಕ್ಕೆ ಬಸ್ಸು ಹೊರಡುತ್ತೆ. ಅಡಿಗೆಯವರೂ ಜೊತೆಗೇ ಇರ್ತಾರೆ. ಹತ್ತು ಜನ ನಮ್ಮೋರು ಇದ್ದರೆ ಹೆಚ್ಚುಕಮ್ಮಿಯಾದಾಗ ಕೈ ಹಿಡಿಯೋರು ಇರ್ತಾರೆ. ಹಡಗಲ್ಲಿ ಯಾರಿದ್ದಾರೆ?


ಕುವೆಂಪುನಗರ_ವಾಕಿಂಗ್, ಮೈಸೂರು
ಮೇ 7, ಬೆಳಿಗ್ಗೆ 8.40

ಮಾವನವರೇ, ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ನನಗೆ 62, ಎರಡು ಸಲ ಒಬ್ಬಳೇ ಹಡಗಿನಲ್ಲಿ ಹೋಗಿಬಂದಿದ್ದೀನಿ, ಬಸ್ ಟೂರೂ ಮಾಡಿದ್ದೀನಿ. ಬಸ್ ಟೂರಿನಲ್ಲಿ ದಿನಾ ಪೆಟ್ಟಿಗೆ ಕಟ್ಟಬೇಕು, ದಿನಾ ಹೊಸ ಕೋಣೆ, ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ಮಂಡಿನೋವು ಇದ್ದವರಿಗೆ ಯಾರೂ ಕಾಯಲ್ಲ. ಹಡಗಿನಲ್ಲಿ ಒಂದೇ ಸಲ ಪೆಟ್ಟಿಗೆ ಬಿಚ್ಚಿದರೆ ಮುಗೀತು. ಕೋಣೆ ನಿಮ್ಮ ಜೊತೆಗೇ ಊರಿಂದೂರಿಗೆ ಬರುತ್ತೆ. ಹಡಗಿನೊಳಗೇ ಡಾಕ್ಟರು, ನರ್ಸು ಇರ್ತಾರೆ. ಅವರ ಶುಲ್ಕ ಜಾಸ್ತಿ, ಅದಕ್ಕೆ ವಿಮೆ ಮಾಡಿಸಿಕೊಂಡೇ ಹೊರಡಬೇಕು.

ಅಕ್ಕ, ನಿಮಗೆ ಒಂದು ಮಾತು. ವಾರದ ಕೊನೆಯ ಎರಡು ರಾತ್ರಿಯ ಪ್ರಯಾಣಕ್ಕೆ ಹೋಗಬೇಡಿ. ನನ್ನ ಮೊದಲನೆಯದು ಮುಂಬೈ–ಗೋವಾ ಅಂಥದ್ದೇ. ಎಲ್ಲಾ ಗುಂಪು ಗುಂಪಾಗಿ ಬಂದಿದ್ದರು, ಹುಟ್ಟುಹಬ್ಬ, ಆಫೀಸ್ ಪಾರ್ಟಿ, ಕೆಳಗೂ ಮೇಲೂ ಹಾಡು ಕುಣಿತ. ಅವರ ಸಂತೋಷ ಅವರದ್ದು, ಆದರೆ ಅದರ ನಡುವೆ ನಾನು ನಿಜವಾಗಿ ಒಂಟಿಯಾದೆ. ವಾರದ ನಡುವೆ ನಾಲ್ಕೈದು ರಾತ್ರಿಯದ್ದು ಹಿಡಿಯಿರಿ. ಅಷ್ಟು ದಿನವಾದರೆ ಮುಖಗಳು ಪರಿಚಯವಾಗುತ್ತವೆ.

ಊಟದ ಬಗ್ಗೆ ಚಿಂತೆ ಬೇಡ. ನಮ್ಮ ದೇಶದಿಂದ ಹೊರಡೋ ಹಡಗುಗಳಲ್ಲಿ ಸಸ್ಯಾಹಾರ ಧಾರಾಳ, ಜೈನರ ಊಟ ಕೂಡ ಸಿಗುತ್ತೆ. ರಾಗಿಮುದ್ದೆ ಮಾತ್ರ ಕೇಳಬೇಡಿ.


ಒಂಟಿಕೊಪ್ಪಲ್_ಡಾಕ್ಟರಮ್ಮ, ಮೈಸೂರು
ಮೇ 7, ಮಧ್ಯಾಹ್ನ 2.15

ತಲೆಸುತ್ತಿನ ಬಗ್ಗೆ ಬರೀತೀನಿ. ಕಿವಿಯ ಒಳಭಾಗದಲ್ಲಿ ಸಮತೋಲ ನೋಡಿಕೊಳ್ಳೋ ಭಾಗ ಇದೆ. ಅದು "ಅಲುಗಾಡ್ತಿದ್ದೀವಿ" ಅನ್ನುತ್ತೆ, ಕಣ್ಣು ನೋಡ್ತಿರೋ ಕೋಣೆಯ ಗೋಡೆ "ಇಲ್ಲ, ನಿಂತಿದ್ದೀವಿ" ಅನ್ನುತ್ತೆ. ಈ ಎರಡು ಸುದ್ದಿ ಹೊಂದದೇ ಇದ್ದಾಗ ಹೊಟ್ಟೆ ತೊಳಸುತ್ತೆ. ಮಡಿಕೇರಿ ಘಾಟಿಯಲ್ಲಿ ಬಸ್ಸಿನೊಳಗೆ ಫೋನ್ ನೋಡ್ತಾ ಕೂತವರಿಗೆ ಆಗೋದೂ ಇದೇ.

ಅದಕ್ಕೇ ಡೆಕ್ಕಿಗೆ ಹೋಗಿ ದೂರದ ದಿಗಂತ ನೋಡಿದರೆ ಸಮಾಧಾನ ಆಗುತ್ತೆ. ಕೋಣೆ ಹಿಡಿಯುವಾಗ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ತೂಗುವ ಏತದ ಕಂಬ ನೆನಪಿಸಿಕೊಳ್ಳಿ, ತುದಿ ಏರಿಳಿದಷ್ಟು ನಡು ಏರಿಳಿಯೋದಿಲ್ಲ. ದೊಡ್ಡ ಹಡಗುಗಳಿಗೆ ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಜರ್ ಇರುತ್ತೆ, ಅದು ಪಕ್ಕಕ್ಕೆ ಓಲಾಡೋದನ್ನು ಬಹಳ ತಗ್ಗಿಸುತ್ತೆ.

ಅವೋಮಿನ್ ತರಹದ ಮಾತ್ರೆ ವಾಂತಿ ಶುರುವಾದ ಮೇಲಲ್ಲ, ಮೊದಲೇ ತಗೋಬೇಕು. ನಿದ್ದೆ ಬರಿಸುತ್ತೆ. ಗ್ಲಾಕೋಮಾ ಇದ್ದವರು, ಬೇರೆ ಮಾತ್ರೆ ನುಂಗುತ್ತಿರೋರು ತಮ್ಮ ಡಾಕ್ಟರನ್ನು ಕೇಳದೆ ತಗೋಬಾರದು. ಶುಂಠಿ ಕೆಲವರಿಗೆ ಒಗ್ಗುತ್ತೆ. ಖಾಲಿ ಹೊಟ್ಟೆಯಲ್ಲಿ ಇರಬೇಡಿ.


ಪಾಂಡವಪುರದ_ಹೈದ, ಪಾಂಡವಪುರ
ಮೇ 7, ರಾತ್ರಿ 11.30

ಅಕ್ಕೋ, ನಾನು ಏಳು ವರ್ಷ ಹಡಗಲ್ಲಿ ಹೌಸ್‌ಕೀಪಿಂಗ್ ಮಾಡ್ದೋನು. ಸಿಡಿಸಿ, ಅಂದ್ರೆ ಹಡಗಲ್ಲಿ ಕೆಲ್ಸ ಮಾಡೋರ ಗುರುತಿನ ಪುಸ್ತಕ, ಮಾಡಿಸ್ಕಂಡು, ಟ್ರೇನಿಂಗ್ ಮುಗಿಸ್ಕಂಡು ಹೋಗಿದ್ದೆ. ಈಗ ಊರಲ್ಲೇ ಕಬ್ಬು ನೋಡ್ಕತಿವ್ನಿ. ಒಬ್ರೇ ಬರೋ ಗೆಸ್ಟುಗಳ ಕೋಣೆ ದಿನಾ ಎರಡು ಹೊತ್ತು ಕ್ಲೀನ್ ಮಾಡ್ತಿದ್ದೆ, ಅವ್ರ ಸುಖ ದುಃಖ ಹತ್ತಿರದಿಂದ ಕಂಡಿವ್ನಿ.

ಊಟದ್ದು ಹೇಳ್ತೀನಿ ಕೇಳಿ. ಹಡಗು ಹತ್ತಿದ ದಿನವೇ, ಸಾಯಂಕಾಲಕ್ಕೆ ಮುಂಚೆ, ರೆಸ್ಟೋರೆಂಟ್ ಬಾಗಿಲಿಗೆ ಹೋಗಿ. ಅಲ್ಲಿ ನಿಂತಿರೋ ಮೇಲ್ವಿಚಾರಕರಿಗೆ "ನಾನು ಒಬ್ಬಳೇ ಬಂದಿವ್ನಿ, ನಾಕಾರು ಜನ ಕೂರೋ ಟೇಬಲ್ಲಿಗೆ ಹಾಕಿ" ಅನ್ನಿ. ಅವ್ರಿಗೆ ಇದು ದಿನಾ ಕೇಳೋ ಮಾತು. ಮೊದಲ ರಾತ್ರಿಯೇ ಕೇಳ್ಬೇಕು, ಮೂರನೇ ದಿನಕ್ಕೆ ಎಲ್ರೂ ಅವರವರ ಜಾಗ ಹಿಡಿದುಬಿಟ್ಟಿರ್ತಾರೆ. ಮೊದಲ ರಾತ್ರಿ ನಾಚ್ಕಂಡು ಕೋಣೆಗೇ ತಟ್ಟೆ ತರಿಸ್ಕಂಡೋರು ಆಮೇಲೆ ಹೊರಗೆ ಬರೋದು ಕಷ್ಟ ಆಗಿದ್ದು ಕಂಡಿವ್ನಿ, ಅದಕ್ಕೇ ಒತ್ತಿ ಹೇಳ್ತಿವ್ನಿ.

ಹತ್ತುವಾಗ ದೊಡ್ಡ ಪೆಟ್ಟಿಗೆ ಟರ್ಮಿನಲ್ಲಲ್ಲೇ ಇಸ್ಕತಾರೆ, ಕೋಣೆಗೆ ಬರೋಕೆ ಗಂಟೆಗಟ್ಲೆ ಆಯ್ತದೆ. ಬಿಪಿ, ಶುಗರ್ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರ್ಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸೋ ಕಾಯಿಲ್ ತರಬೇಡಿ, ಬೆಂಕಿ ಭಯಕ್ಕೆ ಎತ್ತಿಟ್ಕತಾರೆ. ಕೋಣೆ ನಂಬರ್ ಯಾರಿಗೂ ಹೇಳ್ಬೇಡಿ, ಲಿಫ್ಟಲ್ಲಿ ಫೋನಲ್ಲಿ ಮಾತಾಡುವಾಗಲೂ. ಬಾಗಿಲು ತಟ್ಟಿದ್ರೆ ಕಿಂಡೀಲಿ ನೋಡಿ ತೆಗೀರಿ.

ಮತ್ತೆ ಮಸ್ಟರ್ ಡ್ರಿಲ್, ಅಂದ್ರೆ ಅಪಾಯ ಬಂದ್ರೆ ಎಲ್ಲಿ ಸೇರ್ಬೇಕು ಅನ್ನೋ ತಾಲೀಮು. ಏಳು ಸಲ ಸಣ್ಣಗೆ, ಒಂದ್ಸಲ ಉದ್ದಕ್ಕೆ ಕೂಗು ಹೊಡೀತದೆ. ನಿಮ್ಮ ಕಾರ್ಡಲ್ಲಿ ಬರೆದಿರೋ ಜಾಗಕ್ಕೆ ಹೋಗ್ಬೇಕು. ಜನ ಬೇಜಾರು ಮಾಡ್ಕತಾರೆ. 2012ರಲ್ಲಿ ಇಟಲಿ ಹತ್ರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ 32 ಜನ ಹೋದ್ರು, ಆ ಹಡಗು ಹತ್ತಿ ಅವತ್ತಷ್ಟೇ ಹೊರಟ ನೂರಾರು ಜನಕ್ಕೆ ಇನ್ನೂ ಡ್ರಿಲ್ಲೇ ಆಗಿರ್ಲಿಲ್ಲ. ಅದಾದ ಮೇಲೆ ಹಡಗು ಹೊರಡೋಕೆ ಮುಂಚೆ ಇಲ್ಲಾ ಹೊರಟ ಕೂಡ್ಲೇ ಡ್ರಿಲ್ ಆಗ್ಲೇಬೇಕು ಅಂತ ಲೋಕಕ್ಕೆಲ್ಲ ನಿಯಮ ಬಂತು. ಒಬ್ರೇ ಇರೋರು ಇನ್ನೂ ಗಮನ ಕೊಡ್ಬೇಕು, ನೀವು ಎಲ್ಲಿದ್ದೀರಿ ಅಂತ ಹುಡುಕೋಕೆ ಜೊತೆಗಾರರು ಇರಲ್ಲ.


ನಾಲೆ_ದಡದವಳು, ಮಂಡ್ಯ
ಮೇ 8, ಬೆಳಿಗ್ಗೆ 7.05

ಓದ್ತಾ ಓದ್ತಾ ಕಣ್ಣು ತುಂಬಿ ಬಂತು. ಪಾಂಡವಪುರದ ತಮ್ಮ, ನೀನು ಹೇಳಿದ್ದನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಮದ್ದೂರಿನ ಅಣ್ಣ, ನೀವು ಹೇಳಿದ್ದರಲ್ಲಿ ಪ್ರೀತಿ ಇದೆ, ಬೇಜಾರಿಲ್ಲ. ಕಾಶಿಗೂ ಹೋಗ್ತೀನಿ. ಇದು ಮೊದಲು.

ಜುಲೈನಲ್ಲಿ ಹೋಗಬಹುದಾ? ಮಳೆಗಾಲ ಅಲ್ವಾ?


ಸರಸ್ವತಿಪುರಂ_ಸುತ್ತಾಟ, ಮೈಸೂರು
ಮೇ 8, ಬೆಳಿಗ್ಗೆ 10.50

ಮೇಡಂ, ನೈಋತ್ಯ ಮುಂಗಾರು ಅರಬ್ಬೀ ಸಮುದ್ರವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕದಡುತ್ತೆ. ಆದ್ದರಿಂದಲೇ ಆ ತಿಂಗಳುಗಳಲ್ಲಿ ಹಡಗು ಪೂರ್ವ ಕರಾವಳಿಗೆ ಬರೋದು. 2023ರ ಜೂನ್‌ನಲ್ಲಿ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಚೆನ್ನೈನಿಂದ ಶ್ರೀಲಂಕಾಕ್ಕೆ ಹೊರಟದ್ದು ಹಾಗೇ. ಅದು 1990ರ ಹಡಗು, ಆಗ ಹೆಸರು ನಾರ್ಡಿಕ್ ಎಂಪ್ರೆಸ್. ಚೆನ್ನೈ ಕಡೆಗೆ ಗಾಳಿಮಳೆ ಜೋರಾಗೋದು ಅಕ್ಟೋಬರ್‌ನಿಂದ ಡಿಸೆಂಬರ್. ಶ್ರೀಲಂಕಾದಲ್ಲಿ ಟ್ರಿಂಕೋಮಲಿ ಇರೋ ಪೂರ್ವ ತೀರ ಜುಲೈನಲ್ಲಿ ಶಾಂತವಾಗಿರುತ್ತೆ, ಅದೇ ದ್ವೀಪದ ದಕ್ಷಿಣ ತುದಿಯಲ್ಲಿ ಅಲೆ ಜಾಸ್ತಿ. ವೇಳಾಪಟ್ಟಿ ವರ್ಷವರ್ಷ ಬದಲಾಗುತ್ತೆ, ನೋಡಿಕೊಂಡು ಬುಕ್ ಮಾಡಿ.

ಪಾಸ್‌ಪೋರ್ಟ್ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರಬೇಕು. ಶ್ರೀಲಂಕಾ ಪ್ರವೇಶದ ಅನುಮತಿ ಹಡಗಿನವರು ಮಾಡಿಸ್ತಾರೋ ನೀವೇ ಮಾಡಿಸಬೇಕೋ ಕೇಳಿಕೊಳ್ಳಿ. ಪಾಸ್‌ಪೋರ್ಟ್ ಇಲ್ಲದವರು ಇದನ್ನು ಓದುತ್ತಿದ್ದರೆ: ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರ 2017ರ ಜನವರಿಯಲ್ಲಿ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ನಾನು ಸಿಂಗಪುರದಿಂದ ಮೂರು ರಾತ್ರಿ ಒಬ್ಬನೇ ಹೋಗಿದ್ದೆ. ಫೋನನ್ನು ಫ್ಲೈಟ್ ಮೋಡಿಗೆ ಹಾಕದೆ ಮಲಗಿದ್ದೆ. ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಏರಿಸಿತು. ಆ ದುಡ್ಡಿನಲ್ಲಿ ಇನ್ನೊಂದು ರಾತ್ರಿ ಹಡಗಿನಲ್ಲಿ ಕಳೆಯಬಹುದಿತ್ತು. ಹತ್ತಿದ ತಕ್ಷಣ ಫ್ಲೈಟ್ ಮೋಡ್, ಬೇಕಾದರೆ ಹಡಗಿನ ವೈಫೈ ಕೊಂಡುಕೊಳ್ಳಿ.


ನಾಲೆ_ದಡದವಳು, ಮಂಡ್ಯ
ಮೇ 8, ರಾತ್ರಿ 8.30

ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಮಂಡ್ಯದಲ್ಲಿ ಹತ್ತಿದರೆ ಬೆಳಿಗ್ಗೆ ಚೆನ್ನೈ ಸೆಂಟ್ರಲ್. ಹಡಗು ಸಾಯಂಕಾಲ. ಅದೇ ದಿನ ಸಾಕಲ್ವಾ?


ಟಿಕೆಟ್_ಲೆಕ್ಕ, ಮೈಸೂರು
ಮೇ 8, ರಾತ್ರಿ 8.41

ಸಾಕು ಅಕ್ಕ. ಒಂದು ರಾತ್ರಿಯ ಲಾಡ್ಜ್ ಖರ್ಚು ಉಳಿಯುತ್ತೆ.


ಪಾಂಡವಪುರದ_ಹೈದ, ಪಾಂಡವಪುರ
ಮೇ 8, ರಾತ್ರಿ 9.15

ಸಾಕಾಗಲ್ಲ. ಲೆಕ್ಕದ ಅಣ್ಣ, ಕೋಪ ಮಾಡ್ಕಬೇಡಿ, ಹಡಗು ಯಾರಿಗೂ ಕಾಯಲ್ಲ. ಹೊರಡೋ ಟೈಮಿಗೆ ಬಹಳ ಮುಂಚೇನೇ ಬೋರ್ಡಿಂಗ್ ಮುಚ್ಚಾಕ್ತಾರೆ. ಟ್ರೇನು ಅರ್ಧ ದಿನ ತಡವಾಯ್ತು ಅಂದ್ರೆ ಕಟ್ಟಿದ ದುಡ್ಡೆಲ್ಲಾ ಹೋಯ್ತು. ಹೆಂಡ್ತಿ ಮಕ್ಕಳನ್ನ ಕಟ್ಕಂಡು ಓಡಿಬಂದು, ಏಣಿ ಎತ್ತಿದ್ದು ನೋಡಿ ಅಳ್ತಾ ನಿಂತೋರನ್ನ ನಾನು ಮೇಲಿಂದ ನೋಡಿವ್ನಿ. ಒಂದಿನ ಮುಂಚೆ ಹೋಗಿ ಅಕ್ಕ.


ಟಿಕೆಟ್_ಲೆಕ್ಕ, ಮೈಸೂರು
ಮೇ 8, ರಾತ್ರಿ 9.32

ಒಪ್ಪಿದೆ. ನಾನು ಖರ್ಚಷ್ಟೇ ನೋಡಿದೆ. ಹಿಂದಿನ ದಿನವೇ ಹೋಗಿ ಅಕ್ಕ.


ಯಾದವಗಿರಿ_ಹಸಿರು, ಮೈಸೂರು
ಮೇ 9, ಬೆಳಿಗ್ಗೆ 9.00

ಇದನ್ನೂ ಯಾರಾದರೂ ಹೇಳಬೇಕು. ಈ ಹಡಗುಗಳು ಬಹಳ ಇಂಧನ ಸುಡುತ್ತವೆ. 2020ರಿಂದ ಹಡಗಿನ ಇಂಧನದಲ್ಲಿ ಗಂಧಕ 3.5 ಶೇಕಡದಿಂದ 0.5ಕ್ಕೆ ಇಳಿಯಬೇಕು ಅಂತ ಅಂತರರಾಷ್ಟ್ರೀಯ ನಿಯಮ ಬಂದಿದೆ, ಒಳ್ಳೆಯದು. ಆದರೂ ಹೊಗೆ ಹೊಗೆಯೇ. ಹೋಗಬೇಡಿ ಅನ್ನಲ್ಲ. ಒಮ್ಮೆ ಹೋದರೆ ಐದು ದಿನ ಹೋಗಿ, ತಿಂಗಳಿಗೊಂದು ವಾರಾಂತ್ಯದ ಹಡಗು ಬೇಡ.


ನಾಲೆ_ದಡದವಳು, ಮಂಡ್ಯ
ಜುಲೈ 27, ಸಂಜೆ 6.20

ಹೋಗಿಬಂದೆ! ನಿಮಗೆಲ್ಲ ಹೇಳದೆ ಇರೋಕಾಗಲ್ಲ, ಉದ್ದವಾದರೆ ಕ್ಷಮಿಸಿ.

ಒಳಗಿನ ಕೋಣೆ ಬಿಟ್ಟು ಕಿಟಕಿ ಇರೋದನ್ನೇ ತಗೊಂಡೆ, ನಡುಭಾಗದಲ್ಲಿ, ಕೆಳಗಡೆ. ಇಬ್ಬರ ದರಕ್ಕಿಂತ ಸ್ವಲ್ಪವೇ ಕಡಿಮೆ ಬಿತ್ತು. ಖಾಲಿ ಹಾಸಿಗೆಯ ಮೇಲೆ ನನ್ನ ಸೀರೆಗಳನ್ನು ಹರಡಿಟ್ಟುಕೊಂಡಿದ್ದೆ. ದುಡ್ಡಿನ ಬಗ್ಗೆ ನನಗೆ ಒಂದು ಚೂರೂ ಪಶ್ಚಾತ್ತಾಪ ಇಲ್ಲ.

ಡ್ರಿಲ್ ಮುಗಿದ ಮೇಲೆ ಹಡಗು ಸದ್ದಿಲ್ಲದೆ ಹೊರಟಿತು. ನಾವು ಹೊರಟಿದ್ದೇವೆ ಅಂತ ತಿಳಿದದ್ದು ದಡದ ಕ್ರೇನುಗಳು ಸರಿಯುವುದನ್ನು ನೋಡಿದಾಗ. ಕತ್ತಲಾಗೋಕೆ ಮುಂಚೆಯೇ ರೆಸ್ಟೋರೆಂಟ್ ಬಾಗಿಲಿಗೆ ಹೋದೆ. ಕೈಕಾಲು ನಡುಗುತ್ತಿತ್ತು. ಪಾಂಡವಪುರದ ತಮ್ಮ ಹೇಳಿಕೊಟ್ಟ ಮಾತನ್ನೇ ಹೇಳಿದೆ. ಆತ ಬರ್ರಿ ಅಂತ ಕರೆದುಕೊಂಡು ಹೋಗಿ ಆರು ಜನರ ಟೇಬಲ್ಲಿನಲ್ಲಿ ಕೂರಿಸಿದರು. ಅಲ್ಲಿ ಕುಂಭಕೋಣದ ಇಬ್ಬರು ಅಕ್ಕತಂಗಿಯರು, ಕೊಯಮತ್ತೂರಿನ ಒಬ್ಬ ನಿವೃತ್ತ ಮೇಷ್ಟ್ರು, ಅವರೂ ಒಬ್ಬರೇ.

ಎಲ್ಲಿಯವರು ಅಂದರು. ಮಂಡ್ಯ ಅಂದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ನಮ್ಮೂರಿನ ಹೆಸರು ಅವರಿಗೆ ಯಾವ ಸುದ್ದಿಯಿಂದ ಗೊತ್ತು ಅಂತ ನನಗೂ ಗೊತ್ತು. ಆಮೇಲೆ ದೊಡ್ಡಕ್ಕ ಕೇಳಿದರು, "ಕೆಆರ್‌ಎಸ್ ಎಷ್ಟು ಅಡಿ ಇದೆ?" ಅವರ ಮನೆಯದ್ದೂ ಗದ್ದೆ. ಜೂನ್ 12ಕ್ಕೆ ಮೆಟ್ಟೂರು ಅಣೆಕಟ್ಟು ತೆಗೆದರೆ ಅವರ ಕುರುವೈ ಅನ್ನೋ ಭತ್ತದ ಬೆಳೆ, ತೆಗೆಯದಿದ್ದರೆ ಆ ಬೆಳೆ ಇಲ್ಲ. ನಮ್ಮಲ್ಲಿ 124.80 ಅಡಿ ತುಂಬಿದ ದಿನ ಬಾಗಿನ ಬಿಡ್ತಾರೆ ಅಂದೆ. ಅವರು ಆಡಿ ತಿಂಗಳ 18ನೇ ದಿನ ಹೊಳೆ ದಡದಲ್ಲಿ ಚಿತ್ರಾನ್ನ ಮಾಡಿಕೊಂಡು ಹೋಗಿ ಪೂಜೆ ಮಾಡ್ತಾರಂತೆ. ನನ್ನ ಹರಕು ತಮಿಳು, ಅವರಿಗೆ ಬಾರದ ಕನ್ನಡ. ಊಟದ ಹಾಲಿನವರು ದೀಪ ಆರಿಸೋಕೆ ಬಂದಾಗಲೇ ಎದ್ದದ್ದು. ಒಬ್ಬಳೇ ಹೇಗೆ ಕೂರೋದು ಅಂತ ನಿಮ್ಮನ್ನು ಕೇಳಿದ್ದೆನಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಕೋಣೆಯ ಟಿವಿಯಲ್ಲಿ ಹಡಗು ಎಲ್ಲಿದೆ ಅಂತ ನಕ್ಷೆ ತೋರಿಸ್ತಾರೆ. ಹನ್ನೆರಡೂವರೆ ಹೊತ್ತಿಗೆ ಪೂಂಪುಹಾರ್‌ಗೆ ನೇರಕ್ಕೆ ಬಂದಿದ್ದೆವು, ದಡ ಬಹಳ ದೂರ. ಡೆಕ್ಕಿಗೆ ಹೋದೆ, ಇನ್ನೂ ಜನ ಓಡಾಡುತ್ತಿದ್ದರು. ಬಲಗಡೆ ಕತ್ತಲು, ಅಲ್ಲೊಂದು ಇಲ್ಲೊಂದು ಮೀನುದೋಣಿಯ ದೀಪ. ನಮ್ಮ ಗದ್ದೆಗೂ ಅವರ ಗದ್ದೆಗೂ ಹಾಯ್ದು ಉಳಿದ ಕಾವೇರಿ ನೀರು ಅಲ್ಲೇ ಎಲ್ಲೋ ಕಡಲಿಗೆ ಸೇರುತ್ತೆ. ಅಮ್ಮನ ಬೂದಿಯನ್ನು ಶ್ರೀರಂಗಪಟ್ಟಣದ ಸಂಗಮದಲ್ಲಿ ಬಿಟ್ಟಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ.

ಟ್ರಿಂಕೋಮಲಿಯಲ್ಲಿ ಹಡಗಿನವರ ಟೂರೇ ತಗೊಂಡೆ. ಆ ಟೂರಿನ ಬಸ್ ತಡವಾದರೆ ಹಡಗು ನಿಲ್ಲುತ್ತೆ, ನಮ್ಮಷ್ಟಕ್ಕೆ ಆಟೋ ಹಿಡಿದು ಹೋಗಿ ತಡವಾದರೆ ನಿಲ್ಲೋದಿಲ್ಲ ಅಂದಿದ್ದರು. ಕೋಣೇಶ್ವರ ದೇವಸ್ಥಾನಕ್ಕೆ ಹೋಗೋ ದಾರಿ ಹಳೇ ಕೋಟೆಯೊಳಗಿಂದ. ಅಲ್ಲಿ ಜಿಂಕೆಗಳು ಬೀದಿಹಸುಗಳ ಹಾಗೆ ಓಡಾಡುತ್ತವೆ. 1620ರ ದಶಕದಲ್ಲಿ ಪೋರ್ಚುಗೀಸರು ಹಳೆಯ ಗುಡಿ ಕೆಡವಿ ಆ ಕಲ್ಲುಗಳನ್ನೇ ಕೋಟೆಗೆ ಹಾಕಿದರಂತೆ. ಈಗಿನ ಗುಡಿ ಕಡಿದಾದ ಬಂಡೆಯ ತುದಿಯಲ್ಲಿದೆ, ಕೆಳಗೆ ನೀಲಿ ನೀರು. ಚಪ್ಪಲಿ ಬಿಟ್ಟು ನಡೆಯಬೇಕು, ಬಿಸಿಲಿಗೆ ಕಲ್ಲು ಸುಡುತ್ತೆ, ಸಾಕ್ಸ್ ಹಾಕಿಕೊಳ್ಳಿ.

ತಲೆಸುತ್ತು ಬಂದದ್ದು ಮರಳುವ ರಾತ್ರಿ. ಮೊದಲ ಮೂರು ದಿನ ಏನೂ ಆಗಲಿಲ್ಲ ಅಂತ ಅಂದು ಮಾತ್ರೆ ತಗೊಂಡಿರಲಿಲ್ಲ. ಡಾಕ್ಟರಮ್ಮ ಮೊದಲೇ ಹೇಳಿದ್ದರು, ಕೇಳಬೇಕಿತ್ತು.

ಇನ್ನೊಂದು ಹೇಳಲೇಬೇಕು, ಯಾರೂ ನನಗೆ ಇದನ್ನು ಹೇಳಿರಲಿಲ್ಲ. ನಾನು ಹೆದರಿದ್ದ ರಾತ್ರಿ ಊಟ ಸುಲಭವಾಗಿತ್ತು. ಕಷ್ಟವಾದದ್ದು ಮಧ್ಯಾಹ್ನ ಮೂರು ಗಂಟೆ, ಸುತ್ತ ನೀರೇ ನೀರು ಇದ್ದ ದಿನ. ಅಮ್ಮನಿಗೆ ಕಾಫಿ ಕೊಡ್ತಿದ್ದ ಹೊತ್ತು ಅದು. ಮನೆಯಲ್ಲಿ ಆ ಹೊತ್ತಿಗೆ ಏನಾದರೂ ಕೆಲಸ ಹಚ್ಚಿಕೊಳ್ತೀನಿ. ಹಡಗಿನಲ್ಲಿ ಮಾಡೋಕೆ ಏನೂ ಇರಲಿಲ್ಲ, ಕೋಣೆಯಲ್ಲಿ ಕೂತು ಅತ್ತೆ. ಆಮೇಲೆ ಮುಖ ತೊಳೆದು ಮೇಲೆ ಹೋಗಿ ಎರಡು ಲೋಟ ಕಾಫಿ ತಂದು ಮೇಷ್ಟ್ರ ಎದುರು ಇಟ್ಟೆ. ಅವರೂ ಹೆಂಡತಿ ಹೋದ ಮೇಲೆ ಮೊದಲ ಸಲ ಹೊರಗೆ ಬಂದವರು. ಇಬ್ಬರೂ ಹೆಚ್ಚು ಮಾತಾಡಲಿಲ್ಲ.


ಮದ್ದೂರಿನ_ಮಾವ, ಮದ್ದೂರು
ಜುಲೈ 27, ರಾತ್ರಿ 8.05

ತಂಗೀ, ಎರಡು ಸಲ ಓದಿದೆ. ನನ್ನಾಕೆಗೂ ಓದಿ ಹೇಳಿದೆ. ಆ ಕುಂಭಕೋಣದೋರ ಊರಿಗೆ ಈ ಸಲ ನೀರು ಸರಿಯಾಗಿ ಹೋಯ್ತಂತಾ?


ನಾಲೆ_ದಡದವಳು, ಮಂಡ್ಯ
ಜುಲೈ 27, ರಾತ್ರಿ 8.40

ಹೋಗಿದೆ ಅಣ್ಣ. ನಿನ್ನೆ ಗದ್ದೆಯ ಫೋಟೋ ಕಳಿಸಿದ್ದರು, ನಾಟಿ ಹಸಿರಾಗಿದೆ.


ಹುಣಸೂರು_ರಸ್ತೆ, ಮೈಸೂರು
ಜುಲೈ 28, ಬೆಳಿಗ್ಗೆ 6.50

ಅಕ್ಕ, ನಾನು 49, ಶಾಲೆಯಲ್ಲಿ ಕೆಲಸ. ಮೇ ತಿಂಗಳಿಂದ ಸುಮ್ಮನೆ ಓದುತ್ತಿದ್ದೆ. ಇವತ್ತು ಸೆಪ್ಟೆಂಬರ್‌ಗೆ ಬುಕ್ ಮಾಡಿದೆ, ಒಬ್ಬಳಿಗೇ. ಕಿಟಕಿ ಇರೋ ಕೋಣೆ ಬಲಗಡೆ ತಗೊಳ್ಳಲಾ, ಎಡಗಡೆ ತಗೊಳ್ಳಲಾ?


ನಾಲೆ_ದಡದವಳು, ಮಂಡ್ಯ
ಜುಲೈ 28, ಬೆಳಿಗ್ಗೆ 7.02

ಹೋಗುವಾಗ ಬಲಗಡೆ ತಗೋ ತಾಯಿ. ಪೂಂಪುಹಾರ್ ಬರೋದು ಆ ಕಡೆ. ಮಾತ್ರೆ ಕೈಚೀಲದಲ್ಲಿ ಇಟ್ಟುಕೋ.